ಕರಗಿಸಿದರೆ ಎಷ್ಟು ಬರುತ್ತದೆ? ಲೋಹ, ಗಾಜು ಮತ್ತು ಒಬ್ಬ ವಿದ್ಯಾರ್ಥಿಯ ಕಥೆ

ಒಡವೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮೊದಲ ಪ್ರಶ್ನೆ ಯಾವುದು ಹೇಳಿ? "ಎಷ್ಟು ಗ್ರಾಂ?" ಅಂತ. ಎರಡನೆಯದು, "ಮಜೂರಿ ಎಷ್ಟು ಹಾಕಿದ್ರು?" ಮೂರನೆಯದು, ಕಲ್ಲು ಕೂರಿಸಿದ್ದರೆ, "ಕಲ್ಲಿನ ತೂಕ ಕಳೆದು ಕೊಟ್ರಾ?" ಈ ಮೂರೂ ಪ್ರಶ್ನೆಗಳಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ಚಿನ್ನಕ್ಕೆ ಬೆಲೆ ಇದೆ, ಕೈಕೆಲಸ ಅನ್ನೋದು ಖರ್ಚು, ಗಾಜು ಮತ್ತು ಕಲ್ಲು ತಕ್ಕಡಿಯಿಂದ ತೆಗೆದುಹಾಕಬೇಕಾದ ತೂಕ.

ಇದನ್ನು ನಾನು ಅಪಹಾಸ್ಯ ಮಾಡುತ್ತಿಲ್ಲ. ಬ್ಯಾಂಕಿನ ಬಾಗಿಲು ಕಾಣದ ತಲೆಮಾರುಗಳಿಗೆ, ಅದರಲ್ಲೂ ಹೆಂಗಸರಿಗೆ, ಕತ್ತಿನ ಸರವೇ ಉಳಿತಾಯ ಖಾತೆ. ಮಳೆ ಕೈಕೊಟ್ಟ ವರ್ಷ ಅಡ ಇಡಲಿಕ್ಕೆ, ಮಗನ ಕಾಲೇಜಿನ ಫೀಸಿಗೆ ಅದೇ ಆಧಾರ. ನಿಮ್ಮ ಅಪ್ಪ ಅಮ್ಮ ಈ ದೇಶಕ್ಕೆ ಬಂದ ಮೊದಲ ವಿಮಾನದ ಟಿಕೆಟ್ಟಿನ ಹಿಂದೆಯೂ ಒಂದು ಜೊತೆ ಬಳೆ ಇದ್ದಿರಬಹುದು, ಕೇಳಿ ನೋಡಿ. ಆದರೆ ಈ ಲೆಕ್ಕದೊಳಗೆ ಕೂರದ ಒಂದು ಒಡವೆಯ ಪರಂಪರೆ ಇದೆ. ಲೋಹದ ಜೊತೆ ಗಾಜನ್ನು ಇಟ್ಟು ಕೈಯಲ್ಲೇ ಕೆಲಸ ಮಾಡಿದವರದು. ಈ ಸಂಚಿಕೆಯಲ್ಲಿ ನಾವು ಮಾತಾಡಿದ್ದು ಅವರ ಬಗ್ಗೆ. ಆಡಿಯೋದಲ್ಲಿ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹದಿನಾರರ ಹುಡುಗ

ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಆಯ್ ಅನ್ನುವ ಪುಟ್ಟ ಊರು. ಅಲ್ಲಿ 1860ರಲ್ಲಿ ರೆನೆ ಲಲೀಕ್ ಹುಟ್ಟಿದ. ಬೆಳೆದದ್ದು ಪ್ಯಾರಿಸ್ ಹತ್ತಿರ. 1876ರಲ್ಲಿ ಅಪ್ಪ ತೀರಿಕೊಂಡಾಗ ಅವನಿಗೆ 16 ವರ್ಷ. ಚಿತ್ರ ಬರೆಯುವ ಕೈ ಚೆನ್ನಾಗಿತ್ತು, ಹಾಗಾಗಿ ಲೂಯಿ ಓಕೋಕ್ ಅನ್ನುವ ಪ್ಯಾರಿಸ್ಸಿನ ಒಡವೆ ವ್ಯಾಪಾರಿಯ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದ. ಹಗಲು ಬೆಂಚಿನ ಮುಂದೆ ಅರ, ಗರಗಸ, ಬೆಸುಗೆ. ಸಂಜೆ ಅಲಂಕಾರ ಕಲೆಯ ಶಾಲೆಯಲ್ಲಿ ಪಾಠ. ನಮ್ಮ ಕಡೆ ಅಕ್ಕಸಾಲಿಗರ ಮಕ್ಕಳು ಅಪ್ಪನ ಕುಲುಮೆಯ ಮುಂದೆ ಕೂತು ಕಲಿತ ಹಾಗೇ, ಒಂದೇ ವ್ಯತ್ಯಾಸ ಅಂದರೆ ಇವನಿಗೆ ಆ ಕುಲುಮೆ ಮನೆಯದಾಗಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ, 1878ರಲ್ಲಿ, ಅವನು ಓದಲು ಲಂಡನ್ನಿಗೆ ಹೋದ. ಬೇರೆ ದೇಶ, ಬೇರೆ ಭಾಷೆ, ಹದಿನೆಂಟು ವರ್ಷ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಪರಿಚಯದ ಚಿತ್ರ ಅಲ್ವಾ? ಸೇರಿದ್ದು ಸಿಡನ್‌ಹ್ಯಾಮ್ ಗುಡ್ಡದ ಮೇಲಿದ್ದ ಕ್ರಿಸ್ಟಲ್ ಪ್ಯಾಲೇಸ್‌ನ ಕಲಾಶಾಲೆಗೆ.

ಕ್ರಿಸ್ಟಲ್ ಪ್ಯಾಲೇಸ್ ಬಗ್ಗೆ ಒಂದು ಮಾತು ಹೇಳಲೇಬೇಕು. 1851ರ ಮಹಾ ಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಎದ್ದ ಕಟ್ಟಡ ಅದು. ನಕ್ಷೆ ಹಾಕಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟದ ಕೆಲಸದವನು. ಕಬ್ಬಿಣದ ಎಲುಬು, ಅದರ ಮೇಲೆ ಸುಮಾರು 3 ಲಕ್ಷ ಗಾಜಿನ ಹಾಳೆ. ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ತಂದು 1854ರಲ್ಲಿ ಸಿಡನ್‌ಹ್ಯಾಮ್‌ನಲ್ಲಿ ಮತ್ತೆ ನಿಲ್ಲಿಸಿದರು. ಬೆಂಗಳೂರಿನವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟ ಅಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಸ್ಫೂರ್ತಿ ಇದೇ ಕಟ್ಟಡ. ಮುಂದೆ ಜೀವನಪೂರ್ತಿ ಲೋಹ ಮತ್ತು ಗಾಜಿನ ಜೊತೆ ಒದ್ದಾಡಲಿದ್ದ ಹುಡುಗ, ಲೋಹ ಮತ್ತು ಗಾಜಿನದೇ ಆದ ಅರಮನೆಯ ಆವರಣದಲ್ಲಿ ಎರಡು ವರ್ಷ ಚಿತ್ರ ಬರೆದ.

1880ರಲ್ಲಿ ಪ್ಯಾರಿಸ್ಸಿಗೆ ವಾಪಸ್ಸಾಗಿ ಕಾರ್ತಿಯೆ, ಬುಶ್‌ರೋನ್ ಮುಂತಾದ ದೊಡ್ಡ ಅಂಗಡಿಗಳಿಗೆ ವಿನ್ಯಾಸ ಬರೆದುಕೊಟ್ಟ. ಒಡವೆ ಅಂಗಡಿಯ ಹೆಸರಲ್ಲಿ ಮಾರಾಟ, ಬರೆದವನ ಹೆಸರು ಎಲ್ಲೂ ಇಲ್ಲ. 1885ರಲ್ಲಿ ಒಂದು ಕಾರ್ಖಾನೆ ಕೈಗೆ ಬಂತು. 1890ರ ಹೊತ್ತಿಗೆ ದೊಡ್ಡ ಜಾಗಕ್ಕೆ ಹೋಗಿ ಗಾಜಿನ ಪ್ರಯೋಗ ಶುರು ಮಾಡಿದ.

ಎರಡೂ ಯಾಕೆ ಜಗಳ ಆಡುತ್ತವೆ?

ಗಾಜು, ಲೋಹ ಎರಡನ್ನೂ ಬಿಸಿ ಮಾಡಿ ಅಂಟಿಸಿದರೆ ಆಯ್ತಲ್ಲ, ಅದರಲ್ಲೇನು ಪ್ರಯೋಗ ಅಂತ ನಿಮಗೆ ಅನ್ನಿಸಬಹುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನನಗೆ ಇಷ್ಟವಾದ ಭಾಗ ಇದು.

ಬಿಸಿಯಾದಾಗ ವಸ್ತುಗಳು ಹಿಗ್ಗುತ್ತವೆ, ತಣ್ಣಗಾದಾಗ ಕುಗ್ಗುತ್ತವೆ. ತಾಮ್ರ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 17 ಭಾಗ ಹಿಗ್ಗುತ್ತದೆ. ಕಿಟಕಿಗೆ ಹಾಕುವ ಸಾಮಾನ್ಯ ಗಾಜು ಸುಮಾರು 9 ಭಾಗ. 10 ಸೆಂಟಿಮೀಟರ್ ಉದ್ದದ ತಾಮ್ರದ ಪಟ್ಟಿಯ ಮೇಲೆ ಗಾಜು ಕರಗಿಸಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಗಾಜು ಗಟ್ಟಿಯಾದ ಮೇಲೆ ಇನ್ನೂ 500 ಡಿಗ್ರಿ ತಣಿಯಬೇಕು. ಅಷ್ಟರಲ್ಲಿ ತಾಮ್ರ 0.85 ಮಿಲಿಮೀಟರ್ ಕುಗ್ಗಲು ನೋಡುತ್ತದೆ, ಗಾಜು 0.45 ಮಾತ್ರ. ವ್ಯತ್ಯಾಸ 0.4 ಮಿಲಿಮೀಟರ್. ಕಣ್ಣಿಗೆ ಏನೂ ಅಲ್ಲ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿರುವುದರಿಂದ ಆ 0.4 ಮಿಲಿಮೀಟರ್ ಒಳಗಿನ ಒತ್ತಡವಾಗಿ ಕೂತುಬಿಡುತ್ತದೆ. ಕೆಲವು ಸಲ ತಣಿಯುವಾಗಲೇ ಚಟ್ ಅಂತ ಬಿರುಕು. ಕೆಲವು ಸಲ ಮೂರು ದಿನ ಸುಮ್ಮನಿದ್ದು, ಮೇಜಿನ ಮೇಲಿಟ್ಟಲ್ಲೇ ಸಿಡಿದು ಬೀಳುತ್ತದೆ.

ಇದಕ್ಕೆ ಕುಶಲಕರ್ಮಿಗಳು ಕಂಡುಕೊಂಡ ದಾರಿ ಎನಾಮೆಲ್. ಜೈಪುರದ ಮೀನಾಕಾರಿ ನೋಡಿದ್ದೀರಲ್ಲ, ಅದೇ. ಗಾಜಿನ ರಸಾಯನವನ್ನೇ ಬದಲಾಯಿಸಿ, ಅದು ಲೋಹದ ಹತ್ತಿರ ಹತ್ತಿರ ಹಿಗ್ಗುವ ಹಾಗೆ ಮಾಡುತ್ತಾರೆ. ಪೂರ್ತಿ ಸಮ ಮಾಡುವುದಿಲ್ಲ, ಗಾಜು ಒಂಚೂರು ಕಡಿಮೆ ಕುಗ್ಗಬೇಕು. ಯಾಕಂದ್ರೆ ಗಾಜು ಹಿಸುಕಿದರೆ ತಡೆದುಕೊಳ್ಳುತ್ತದೆ, ಎಳೆದರೆ ತಡೆಯುವುದಿಲ್ಲ. ಆ ಗಾಜನ್ನು ನುಣ್ಣಗೆ ಅರೆದು, ತೊಳೆದು, ಒದ್ದೆ ಪುಡಿಯನ್ನು ಲೋಹದ ಮೇಲೆ ಹರಡಿ, ಒಣಗಿಸಿ, 750ರಿಂದ 850 ಡಿಗ್ರಿಯ ಗೂಡಿನಲ್ಲಿ ಕೆಲವೇ ನಿಮಿಷ ಇಡುತ್ತಾರೆ. ತೆಳು ತಗಡು ಸೊಟ್ಟಗಾಗದಿರಲಿ ಅಂತ ಹಿಂಬದಿಗೂ ಒಂದು ಪದರ ಹಚ್ಚುತ್ತಾರೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ವಿಷಯ. ಗಾಜಿನ ಬಣ್ಣ ಬರುವುದೇ ಲೋಹದಿಂದ. ಕೋಬಾಲ್ಟ್ ನೀಲಿ ಕೊಡುತ್ತದೆ, ಮ್ಯಾಂಗನೀಸ್ ನೇರಳೆ, ಕಬ್ಬಿಣ ಹಸಿರು. ತಾಮ್ರ ಗೂಡಿನ ಗಾಳಿ ಹೇಗಿದೆ ಅನ್ನುವುದರ ಮೇಲೆ ಹಸಿರೂ ಆಗಬಹುದು, ಕೆಂಪೂ ಆಗಬಹುದು. ಮಾಣಿಕ್ಯದ ಕೆಂಪು ಬೇಕೆಂದರೆ ಗಾಜಿಗೆ ಹಾಕಬೇಕಾದದ್ದು ಚಿನ್ನ, ಅದೂ ಅತಿ ಸ್ವಲ್ಪ.

ಲಲೀಕ್ ಹಿಡಿದದ್ದು ಎನಾಮೆಲ್‌ನಲ್ಲೇ ಅತಿ ಕಷ್ಟದ ಬಗೆಯನ್ನು. ಫ್ರೆಂಚಿನಲ್ಲಿ ಅದಕ್ಕೆ ಪ್ಲೀಕ್-ಆ-ಜೂರ್ ಅಂತಾರೆ. ಹಿಂದೆ ತಗಡೇ ಇರುವುದಿಲ್ಲ. ಚಿನ್ನದ ತಂತಿಯ ಚೌಕಟ್ಟು, ಅದರ ಕಿಂಡಿಗಳಲ್ಲಿ ಬಣ್ಣದ ಗಾಜು ಮಾತ್ರ. ಬೆಳಕಿಗೆ ಹಿಡಿದರೆ ಚರ್ಚಿನ ಕಿಟಕಿಯ ಹಾಗೆ ಹೊಳೆಯುತ್ತದೆ. ತಾತ್ಕಾಲಿಕವಾಗಿ ಹಿಂದೆ ತೆಳು ತಾಮ್ರದ ಹಾಳೆಯನ್ನೋ ಅಭ್ರಕವನ್ನೋ ಇಟ್ಟು ಸುಡುತ್ತಾರೆ. ಆಮೇಲೆ ತಾಮ್ರವನ್ನು ಆಮ್ಲದಲ್ಲಿ ಕರಗಿಸಿಬಿಡುತ್ತಾರೆ. ಒಂದು ಕಿಂಡಿ ಬಿರುಕು ಬಿಟ್ಟರೂ ಮತ್ತೆ ತುಂಬಬೇಕು, ಮತ್ತೆ ಸುಡಬೇಕು.

ಗಾಜಿನ ಪುಟ್ಟ ಮುಖ, ಹೂವು, ಮೈಗಳನ್ನು ಮಾಡಲು ಅವನು ಮೇಣದ ಎರಕವನ್ನೂ ಬಳಸಿದ. ಮೇಣದಲ್ಲಿ ಆಕಾರ ತಿದ್ದಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಹೊರಗೆ ತೆಗೆದು, ಆ ಖಾಲಿ ಜಾಗಕ್ಕೆ ಗಾಜು ತುಂಬುವುದು. ಇದೇ ವಿಧಾನದಲ್ಲಿ ಲೋಹದ ಮೂರ್ತಿ ಮಾಡುವ ಬಗೆಯನ್ನು ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ಲೋಹದವರ ಹಳೆಯ ವಿದ್ಯೆಯನ್ನು ಲಲೀಕ್ ಗಾಜಿಗೆ ತಂದ.

ಚಿನ್ನದ ಪಕ್ಕ ಕೊಂಬು

ಆ ಕಾಲದ ಪ್ಯಾರಿಸ್ಸಿನಲ್ಲೂ ಲೆಕ್ಕ ನಮ್ಮ ಹಾಗೇ ಇತ್ತು. ಅಲ್ಲಿ ಗ್ರಾಂ ಬದಲು ವಜ್ರ. ಎಷ್ಟು ದೊಡ್ಡ ವಜ್ರ, ಎಷ್ಟು ವಜ್ರ, ಇಷ್ಟೇ ಪ್ರಶ್ನೆ. ಲೋಹ ಬರೀ ಹಿಡಿಕೆ. ಲಲೀಕ್ ಚಿನ್ನದ ಪಕ್ಕದಲ್ಲಿ ಪ್ರಾಣಿಯ ಕೊಂಬು, ಗಾಜು, ಎನಾಮೆಲ್ ಇಟ್ಟ. ವಜ್ರ ಬಂದರೆ ಅಂಚಿನಲ್ಲಿ, ನೀರಿನ ಹನಿಯ ಹಾಗೆ. ರಂಗಭೂಮಿಯ ತಾರೆ ಸಾರಾ ಬರ್ನಾರ್ ಅವನ ಗಿರಾಕಿಯಾದಳು. 1897ರಲ್ಲಿ ಸರ್ಕಾರದ ಗೌರವ ಸಿಕ್ಕಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಮಳಿಗೆಯ ಮುಂದೆ ಜನ ಮುಗಿಬಿದ್ದರು.

ಅಲ್ಲಿ ಇಟ್ಟಿದ್ದ ಒಂದು ಎದೆಪದಕ ಇವತ್ತು ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿದೆ. ಹೆಣ್ಣಿನ ಮೈ, ಏರೋಪ್ಲೇನ್ ಚಿಟ್ಟೆಯ ರೆಕ್ಕೆ, ಹದ್ದಿನಂಥ ಉಗುರು. ಅಗಲ 26 ಸೆಂಟಿಮೀಟರಿಗಿಂತ ಹೆಚ್ಚು, ಅಂದರೆ ಒಂದು ಊಟದ ತಟ್ಟೆಯಷ್ಟು. ಆ ರೆಕ್ಕೆಗಳೇ ಹಿಂಬದಿಯಿಲ್ಲದ ಎನಾಮೆಲ್. ಎಣ್ಣೆ ವ್ಯಾಪಾರಿ ಕಲೂಸ್ಟ್ ಗುಲ್ಬೆಂಕಿಯನ್ ಅದನ್ನು ಕೊಂಡ. ಅದನ್ನು ಕರಗಿಸಿದರೆ ಎಷ್ಟು ಬರುತ್ತದೆ? ಒಂದಿಷ್ಟು ಚಿನ್ನ, ಒಂದಿಷ್ಟು ಚಿಕ್ಕ ವಜ್ರ. ರೆಕ್ಕೆಗೆ ಸೊನ್ನೆ.

ಹೆಸರು ಬಂದ ಮೇಲೆ ನಕಲಿಗಳೂ ಬಂದವು. ನಿಧಾನವಾಗಿ ಲಲೀಕ್ ಒಡವೆಯಿಂದ ಗಾಜಿನ ಕಡೆಗೇ ಸರಿದ. ಕೋಟಿ ಕಂಪನಿಯ ಸುಗಂಧದ ಬಾಟಲಿಗಳು, 1912ರಲ್ಲಿ ಬರೀ ಗಾಜಿನ ಪ್ರದರ್ಶನ, 1921ರಲ್ಲಿ ಆಲ್ಸಾಸ್‌ನಲ್ಲಿ ಗಾಜಿನ ಕಾರ್ಖಾನೆ. ಒಂದು ಕಾಲಕ್ಕೆ ಶ್ರೀಮಂತರಿಗೆ ಮಾತ್ರ ಒಡವೆ ಮಾಡಿದವನು 1920ರ ದಶಕದಲ್ಲಿ ರೇಷ್ಮೆ ದಾರದಲ್ಲಿ ನೇತಾಡುವ ಗಾಜಿನ ಪದಕಗಳನ್ನು ಅಚ್ಚೊತ್ತಿ ಮಾರಿದ. ಸಾಮಾನ್ಯ ಸಂಬಳದವರೂ ಕೊಳ್ಳಬಹುದಾದವು ಅವು.

ನಮ್ಮ ಕೈಯ ಗಾಜು

ಗಾಜು ಯಾವಾಗಲೂ ಅಗ್ಗದ ವಸ್ತುವಾಗಿತ್ತು ಅಂತ ತಿಳಿಯಬೇಡಿ. ಈಜಿಪ್ಟಿನ ದೊರೆ ಟುಟಂಖಾಮನ್‌ನ ಚಿನ್ನದ ಮುಖವಾಡ ನೋಡಿದ್ದೀರಲ್ಲ? 10 ಕಿಲೋ ದಾಟುವ ಆ ಮುಖವಾಡದ ಶಿರವಸ್ತ್ರದಲ್ಲಿರುವ ನೀಲಿ ಪಟ್ಟೆಗಳು ಗಾಜು. ದೊರೆಯ ಮುಖಕ್ಕೆ ಹಾಕಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಈಗ ನಮ್ಮ ಚಿತ್ರದುರ್ಗ ಜಿಲ್ಲೆಗೆ ಬನ್ನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ಎರಡು ಸಾವಿರ ವರ್ಷ ಹಿಂದಿನ ಪದರಗಳಲ್ಲಿ ಸಿಕ್ಕ ವಸ್ತುಗಳಲ್ಲಿ ಗಾಜಿನ ಮಣಿ, ಬಳೆ ಚೂರುಗಳೂ ಇದ್ದವು. ಅದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಅಂತ ಒಂದು ಊರಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ವರದಿ ಮಾಡಲು ಕಳಿಸಿತು. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಮತ್ತೋಡಿನ ಬಳೆ ಕುಲುಮೆಗಳ ವರ್ಣನೆ ಇದೆ. ಚೌಳು ನೆಲದಿಂದ ಬರುವ ಸೋಡಾ, ಬಿಳಿ ಬೆಣಚು ಕಲ್ಲಿನ ಪುಡಿ, ಎಲ್ಲಾ ಸಾಮಗ್ರಿ ಸುತ್ತಮುತ್ತಲೇ ಸಿಗುತ್ತಿತ್ತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣದ ಗಾಜು ತಯಾರಾಗುತ್ತಿತ್ತು. ಬಣ್ಣ ಹೇಗೆ ಬರುತ್ತದೆ ಅಂತ ಈಗಷ್ಟೇ ಓದಿದಿರಲ್ಲ? ಆ ರಸಾಯನಶಾಸ್ತ್ರ ಮತ್ತೋಡಿನವರ ಕೈಯಲ್ಲಿತ್ತು.

19ನೇ ಶತಮಾನ ಮುಗಿಯುವ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಹಡಗಿನಲ್ಲಿ ಬಳೆ ಬರತೊಡಗಿತು. ಎಲ್ಲಿಂದ ಅಂತೀರಿ? ಹೆಚ್ಚಾಗಿ ಬೊಹೀಮಿಯಾದ ಗಾಬ್ಲೋಂಜ್‌ನಿಂದ, ಅಂದರೆ ಈಗಿನ ಚೆಕ್ ದೇಶದ ಯಾಬ್ಲೊನೆಟ್ಸ್. ಬೆಟ್ಟದ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಗಾಜಿನ ಕೆಲಸ. ಅಲ್ಲಿನವರು ಭಾರತದ ಹೆಂಗಸರ ಕೈಯ ಅಳತೆಗೆ, ಬಣ್ಣದ ರುಚಿಗೆ ತಕ್ಕಂತೆ ಬಳೆ ಮಾಡಿ ಕಳಿಸುತ್ತಿದ್ದರು. ಸೀಮಂತಕ್ಕೆ ತೊಡಿಸುವ ಹಸಿರು ಬಳೆಯೂ ಎಷ್ಟೋ ಮನೆಗಳಲ್ಲಿ ಆಸ್ಟ್ರಿಯಾ-ಹಂಗೇರಿಯದೇ ಆಗಿದ್ದಿರಬೇಕು. ನಮ್ಮೂರ ಬಳೆಗಾರ ಮಲಾರ ಹೆಗಲಿಗೇರಿಸಿ ಬಾಗಿಲಿಗೆ ಬಂದಾಗ, ಅದರಲ್ಲಿದ್ದ ಸರಕು ಮೂರು ಸಮುದ್ರ ದಾಟಿ ಬಂದದ್ದು ಅಂತ ಕೈ ಚಾಚಿದವರಿಗೆ ಗೊತ್ತಾಗುವ ಬಗೆ ಇರಲಿಲ್ಲ. 1914ರ ಯುದ್ಧ ಈ ಆಮದನ್ನು ನಿಲ್ಲಿಸಿತು. ಆ ಖಾಲಿ ಜಾಗದಲ್ಲಿ ಉತ್ತರದ ಫಿರೋಜಾಬಾದ್ ಬೆಳೆಯಿತು. ಮತ್ತೋಡಿನ ಕುಲುಮೆಗಳು ಮತ್ತೆ ಹೊತ್ತಿಕೊಳ್ಳಲಿಲ್ಲ.

ಗಾಬ್ಲೋಂಜ್ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ನಾಜಿಗಳ ಆಕ್ರಮಣ, ಯುದ್ಧ, ಸೋಲು, ಇವುಗಳ ಬೆನ್ನಿಗೆ 1945ರ ನಂತರ ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಗಾಜಿನ ಕೆಲಸದವರಲ್ಲಿ ಸಾವಿರಾರು ಜನ ಬವೇರಿಯಾದ ಕೌಫ್‌ಬಾಯ್ರನ್ ಹತ್ತಿರ, ಯುದ್ಧಕಾಲದ ಮದ್ದುಗುಂಡು ಕಾರ್ಖಾನೆಯ ಅವಶೇಷಗಳ ನಡುವೆ ನೆಲೆ ನಿಂತರು. ಊರಿಗೆ ನೊಯ್‌ಗಾಬ್ಲೋಂಜ್, ಹೊಸ ಗಾಬ್ಲೋಂಜ್, ಅಂತಲೇ ಹೆಸರಿಟ್ಟರು. ಮ್ಯೂನಿಕ್‌ನಲ್ಲಿರುವ ಕನ್ನಡಿಗರು ಬೇಕಾದರೆ ಒಂದು ಭಾನುವಾರ ರೈಲು ಹತ್ತಿ ನೋಡಿ ಬರಬಹುದು. ತಂದದ್ದು ಬಹಳ ಕಡಿಮೆ. ಚಿನ್ನ ತರಲು ಬಿಡಲಿಲ್ಲ, ಮನೆ ತರಲು ಆಗುವುದಿಲ್ಲ. ಗಾಜು ಯಾವ ಬಿಸಿಯಲ್ಲಿ ಬಾಗುತ್ತದೆ ಅನ್ನುವ ಅಂದಾಜು ಮಾತ್ರ ಕೈಯಲ್ಲೇ ಬಂತು, ಅದರಿಂದಲೇ ಬದುಕಿದರು.

"ನಾನು ಮಾಡೋದಕ್ಕೆ ಬೆಲೆ ಇದೆಯಾ?"

ಈ ಸಂಚಿಕೆ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಪರಿಚಯದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಒಡವೆ ವಿನ್ಯಾಸದ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ತಾಮ್ರ, ಬೆಳ್ಳಿಯ ಮೇಲೆ ಎನಾಮೆಲ್ ಮಾಡುತ್ತಾಳೆ, ಟಾರ್ಚಿನ ಉರಿಯಲ್ಲಿ ಗಾಜಿನ ಮಣಿ ಸುತ್ತುತ್ತಾಳೆ. ಒಂದು ಜೊತೆ ಓಲೆಗೆ ಆರು ಗಂಟೆ ಕೂತಿದ್ದಳಂತೆ. ಅಪ್ಪ ಕೈಯಲ್ಲಿ ಹಿಡಿದು, ಪ್ರೀತಿಯಿಂದಲೇ, "ತುಂಬಾ ಚೆನ್ನಾಗಿದೆ ಪುಟ್ಟಿ, ಇದನ್ನ ಚಿನ್ನದಲ್ಲಿ ಮಾಡಿದ್ರೆ ಬೆಲೆ ಬರ್ತಿತ್ತು" ಅಂದರಂತೆ. "ಅಕ್ಕಾ, ನಾನು ಮಾಡೋದಕ್ಕೆ ಬೆಲೆ ಇದೆಯಾ?" ಅಂತ ನನ್ನನ್ನು ಕೇಳಿದಳು.

ನಾನು ಅಂಕಿಗಳ ಜೊತೆ ಕೆಲಸ ಮಾಡುವವಳು, ಒಡವೆ ಮಾಡಲು ಬರುವುದಿಲ್ಲ. ಆದರೆ ಒಂದು ವಿಷಯ ಗಮನಿಸಿದೆ. ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ಗಾಜು, ಯಾವ ತಗಡು, ಎಷ್ಟು ಡಿಗ್ರಿ, ಎಷ್ಟು ನಿಮಿಷ, ಎಲ್ಲಿ ಬಿರುಕು ಬಿಟ್ಟಿತು, ಎಲ್ಲಾ ಬರೆದಿದ್ದಾಳೆ. ಒಡೆದ ತುಂಡುಗಳನ್ನು ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಆ ಓಲೆಯ ಬೆಲೆ ಆರು ಗಂಟೆಯದಲ್ಲ, ಆ ಡಬ್ಬಿಯದ್ದೂ ಸೇರಬೇಕು. ತಕ್ಕಡಿಗೆ ಅದು ಕಾಣುವುದಿಲ್ಲ, ಅಷ್ಟೇ. ಅವಳಿಗೆ ನಾನು ಹೇಳಿದ್ದು ಇಷ್ಟು: "ಬೆಲೆ ಹಾಕುವಾಗ ತಾಮ್ರದ ಗ್ರಾಂ ಬರೀಬೇಡ, ಗಂಟೆ ಬರಿ, ಒಡೆದದ್ದರ ಲೆಕ್ಕವನ್ನೂ ಬರಿ." ಅಪ್ಪನಿಗೂ ಅದೇ ಲೆಕ್ಕ ತೋರಿಸು ಅಂದೆ. ಅವರು ಇಂಜಿನಿಯರ್, ಪ್ರಯೋಗದ ಖರ್ಚು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದು ಅವಳ ಬದುಕಿಗೆ ಸಾಕಾಗುತ್ತದೆಯಾ? ಸುಲಭ ಅಲ್ಲ. ಲಲೀಕ್‌ಗೆ ಸಿಕ್ಕ ಗಿರಾಕಿಗಳು ಎಲ್ಲರಿಗೂ ಸಿಗುವುದಿಲ್ಲ, ಮತ್ತೋಡಿನವರಿಗೆ ವಿದ್ಯೆ ಇದ್ದೂ ಅಗ್ಗದ ಆಮದಿನ ಮುಂದೆ ನಿಲ್ಲಲಾಗಲಿಲ್ಲ. ಕೈಕೆಲಸಕ್ಕೆ ಬೆಲೆ ಕೊಡುವ ಜನ ಇದ್ದಾಗ ಮಾತ್ರ ಕೈಕೆಲಸ ಉಳಿಯುತ್ತದೆ. ಆ ಜನ ಬೇರೆ ಯಾರೋ ಅಲ್ಲ, ನಾವು ನೀವೇ.

ಇನ್ನೊಂದು ಯೋಚನೆ ಮಾಡಿ. ನಮ್ಮಲ್ಲಿ ಒಡವೆ "ಮುರಿಸಿ ಮಾಡಿಸೋದು" ಅಂತಾರೆ. ಅಜ್ಜಿಯ ಅಡ್ಡಿಕೆ ಮುರಿಸಿ ಅಮ್ಮನಿಗೆ ಸರ, ಅಮ್ಮನ ಸರ ಮುರಿಸಿ ಮಗಳಿಗೆ ಬಳೆ. ಚಿನ್ನ ಹಾಗೇ ಉಳಿಯುತ್ತದೆ, ಆದರೆ ಅದನ್ನು ಮಾಡಿದ ಅಕ್ಕಸಾಲಿಯ ಕೈ ಪ್ರತಿ ತಲೆಮಾರಿಗೂ ಮೂಸೆಯಲ್ಲಿ ಕರಗಿಹೋಗುತ್ತದೆ. ಬ್ರಹ್ಮಗಿರಿಯ ಮಣ್ಣಿನಲ್ಲಿ ಉಳಿದದ್ದು ಯಾರೂ ಕರಗಿಸಲು ಬೆಲೆಯಿಲ್ಲ ಅಂತ ಬಿಸಾಕಿದ ಬಳೆ ಚೂರು. ಎರಡು ಸಾವಿರ ವರ್ಷದ ಹಿಂದೆ ಆ ಊರಿನ ಹೆಣ್ಣುಮಕ್ಕಳು ಏನು ತೊಡುತ್ತಿದ್ದರು ಅಂತ ನಮಗೆ ಹೇಳುತ್ತಿರುವುದು ಆ ಚೂರುಗಳು.

ಇಷ್ಟು ಓದಿದ ಮೇಲೆ ನಿಮಗೊಂದು ಕೆಲಸ. ಈ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: ಚಿಕ್ಕವರಿದ್ದಾಗ ಬಳೆ ಚೂರನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡ್ತಿದ್ರಾ ಅಂತ. ಬಹಳಷ್ಟು ಜನ ಹೌದು ಅಂತಾರೆ, ಬೆರಳು ಸುಟ್ಟುಕೊಂಡದ್ದನ್ನೂ ಹೇಳ್ತಾರೆ. ಇಲ್ಲಿನ ಸ್ಟುಡಿಯೋಗಳಲ್ಲಿ ದುಡ್ಡು ಕೊಟ್ಟು ಕಲಿಯುವ ಲ್ಯಾಂಪ್‌ವರ್ಕ್ ಅಂದರೆ ಬೇರೇನಲ್ಲ, ಅದೇ. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ ನಮಗೆ ಕಳಿಸಿ. ಯಾವ ಬಣ್ಣದ ಬಳೆ, ಯಾರು ಕಲಿಸಿದ್ದು, ಆ ಸರ ಆಮೇಲೆ ಏನಾಯ್ತು, ಎಲ್ಲಾ ಕೇಳಿ. ಮುಂದಿನ ಸಂಚಿಕೆಯಲ್ಲಿ ಸೇರಿಸೋಣ.